ಹೊಸ ಮಾಡೆಲ್ ತರೋರಿಗೆ ಕುರ್ಲಾದ ಗ್ಯಾರೇಜ್‌ನಿಂದ ಒಂದು ಬಹಿರಂಗ ಪತ್ರ

ರಸ್ತೆ ಸಾರಿಗೆ ಇಲಾಖೆಯ ಸಾಹೇಬರಿಗೆ, ಮತ್ತೆ ಈ ದೇಶದಲ್ಲಿ ಕಾರು ಮಾಡಿ ಮಾರ್ತಿರೋ ಎಲ್ಲಾ ಕಂಪನಿಗಳ ದೊಡ್ಡವರಿಗೆ,

ನಮಸ್ಕಾರ. ನಾನು ಮುಂಬೈ ಕುರ್ಲಾದಲ್ಲಿ ಒಂದು ಸಣ್ಣ ಗ್ಯಾರೇಜ್ ಇಟ್ಕೊಂಡಿರೋ ಮೆಕ್ಯಾನಿಕ್ಕು. ಊರು ಕಾರ್ಕಳದ ಕಡೆ. 1982ರಲ್ಲಿ ಬಸ್ಸು ಹತ್ತಿ ಬಂದೋನು, ಮೊದಲು ಫೋರ್ಟ್‌ನಲ್ಲಿ ಒಂದು ಹೋಟೆಲಲ್ಲಿ ಗ್ಲಾಸ್ ತೊಳೆದೆ, ರಾತ್ರಿ ಶಾಲೆಗೆ ಹೋದೆ, ಆಮೇಲೆ ನಮ್ಮೂರಿನೋರೇ ಒಬ್ರು ಟ್ಯಾಕ್ಸಿ ಓಡಿಸ್ತಿದ್ದೋರು ಕುರ್ಲಾಕ್ಕೆ ಕರ್ಕೊಂಡು ಬಂದು ಒಬ್ಬ ಉಸ್ತಾದರ ಹತ್ರ ಬಿಟ್ರು. ಅವತ್ತು ಉಗುರಿನ ಸಂದಿಗೆ ಸೇರಿದ ಗ್ರೀಸು ಇವತ್ತಿಗೂ ಹೋಗಿಲ್ಲ. ಕನ್ನಡದಲ್ಲಿ ಬರೆದ್ರೆ ಅವ್ರಿಗೆ ಓದೋಕೆ ಬರತ್ತಾ ಅಂತ ಮಗಳು ನಗಾಡಿದ್ಲು. ನಿಮ್ಮ ಆಫೀಸುಗಳಲ್ಲಿ ಕನ್ನಡದೋರು ಬೇಕಾದಷ್ಟು ಜನ ಇದ್ದಾರೆ ಮಾರಾಯ್ರೆ, ಯಾರಾದ್ರೂ ಒಬ್ರು ಓದಿ ಹೇಳ್ತಾರೆ.

ಮಾಡೆಲ್ ಬೇಗ ಬೇಗ ಬದಲಾಯಿಸಿ, ಹಳೇದಕ್ಕೆ ಪಾರ್ಟ್ಸ್ ಸಿಗದ ಹಾಗೆ ಮಾಡ್ತೀರಲ್ಲ, ಅದರ ಬಗ್ಗೆ ಈ ಪತ್ರ. ಇದೆಲ್ಲ ಶುರುವಾಗಿದ್ದು ಒಂದು ವಿಡಿಯೋದಿಂದ. ನನ್ನ ಅಕ್ಕನ ಮಗ ಸೌದಿಯ ದಮ್ಮಾಮ್‌ನಲ್ಲಿ ಇದ್ದಾನೆ, ಅವನ ಕಂಪನಿಗೆ ಹೊಸ ಪಿಕಪ್ ಬಂತು ಅಂತ ವಾಟ್ಸಾಪಲ್ಲಿ ಕಳಿಸಿದ. ನೋಡಿದ್ರೆ ಟೊಯೋಟಾ ಲ್ಯಾಂಡ್ ಕ್ರೂಸರ್ 79. ಗುಂಡಗಿನ ಹೆಡ್‌ಲೈಟು, ನೆಟ್ಟಗೆ ನಿಂತ ಗಾಜು, ಬೀರು ಥರ ಚೌಕಾಕಾರದ ಮೂತಿ. ನಾನು, ಏನೋ ಇದು, 1985ರ ಗಾಡಿಗೆ ಪೇಂಟ್ ಹೊಡೆಸಿದ್ದೀರಾ ಅಂತ ಕೇಳಿದೆ. ಅವನು ಕ್ಯಾಮೆರಾ ಒಳಗೆ ತಿರುಗಿಸಿದ. ಸೀಟಿನ ಮೇಲೆ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ಮೀಟರಲ್ಲಿ ನೂರು ಕಿಲೋಮೀಟರೂ ಆಗಿಲ್ಲ. ಮಾಮ, ಇಲ್ಲಿ ಇದಕ್ಕೆ ಶಾಸ್ ಅಂತಾರೆ ಅಂದ. ಗಾಡಿಯ ಅಡಿಯ ಚೌಕಟ್ಟಿಗೆ ಹೇಳೋ ಚಾಸಿ ಅನ್ನೋದೇ ಅರಬರ ಬಾಯಲ್ಲಿ ಶಾಸ್ ಆಗಿದೆ. ಈ 79 ಸೇರಿರೋ 70 ಸೀರೀಸ್ ಬಂದಿದ್ದು 1984ರಲ್ಲಿ, ನಾನಾಗ ಉಸ್ತಾದರ ಹತ್ರ ಬರೀ ಪಾನಾ ಎತ್ಕೊಡೋ ಹುಡುಗ. ಅದೇ ಗಾಡಿ ಇವತ್ತಿಗೂ ಗಲ್ಫಲ್ಲಿ, ಆಫ್ರಿಕಾದಲ್ಲಿ, ಆಸ್ಟ್ರೇಲಿಯಾದಲ್ಲಿ ಶೋರೂಮಿಂದ ಹೊಸದಾಗಿ ಹೊರಗೆ ಬರ್ತಾ ಇದೆ. ಜಪಾನಿನೋರೇ 2004ರಲ್ಲಿ ತಮ್ಮ ದೇಶದಲ್ಲಿ ಮಾರೋದು ನಿಲ್ಲಿಸಿ, ಜನ ಬಿಡದೆ ಕೇಳಿದ್ದಕ್ಕೆ 2014ರಲ್ಲಿ ಸ್ವಲ್ಪ ದಿನ ತಂದು, ಮತ್ತೆ 2023ರಲ್ಲಿ ಪೂರ್ತಿ ವಾಪಸ್ ತಂದ್ರು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂತ ಸಿನಿಮಾ ಡೈಲಾಗ್ ಹೊಡೆಯಲ್ಲ, ಚೆನ್ನಾಗೇ ಬಂತು. ಆದ್ರೆ ಬೆಳಿಗ್ಗೆ ಶಟರ್ ಎತ್ತುವಾಗ ಎದುರಿಗೆ ನಿಂತಿದ್ದ ಗಾಡಿ ನೋಡಿ ಹೊಟ್ಟೆ ಉರೀತು. ಅದರ ಕಥೆ ಆಮೇಲೆ ಹೇಳ್ತೀನಿ.

ಮೊದಲು ಕುರ್ಲಾ ಬಗ್ಗೆ ಹೇಳಬೇಕು, ಯಾಕಂದ್ರೆ ಹಳೇ ಮಾಡೆಲ್ ಅನ್ನೋ ವಿಷಯದಲ್ಲಿ ಕುರ್ಲಾಕ್ಕಿಂತ ದೊಡ್ಡ ಯೂನಿವರ್ಸಿಟಿ ಇಲ್ಲ. ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಶುರು ಮಾಡಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆ ಇದ್ದಿದ್ದು ಇಲ್ಲೇ. ಮೊದಲು ಗುಂಡಗೆ ಹಂದಿ ಥರ ಕಾಣೋ ಫಿಯೆಟ್ ಮಾಡ್ತಿದ್ರು, ಮುಂಬೈಯಲ್ಲಿ ಅದಕ್ಕೆ ಡುಕ್ಕರ್ ಫಿಯೆಟ್ ಅಂತಲೇ ಹೆಸರು. 1964ರಲ್ಲಿ ಫಿಯೆಟ್ 1100 ಡಿಲೈಟ್ ಬಂತು, ಅದೇ 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯ್ತು. ಇಟಲಿಯಲ್ಲಿ ಆ ಮಾಡೆಲನ್ನ 1966ರಲ್ಲೇ ಮೂಲೆಗೆ ಹಾಕಿದ್ರು, ನಾವು 2001ರವರೆಗೆ ಮಾಡಿದ್ವಿ. ಮೂವತ್ತೈದು ವರ್ಷ ಜಾಸ್ತಿ! ಮುಂಬೈಯ ಕೊನೇ ಪದ್ಮಿನಿ ಟ್ಯಾಕ್ಸಿ ತಾಡ್‌ದೇವ್ ಆರ್‌ಟಿಒದಲ್ಲಿ ರಿಜಿಸ್ಟರ್ ಆಗಿದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗೆ ಇಪ್ಪತ್ತು ವರ್ಷ ಅಂತ ರೂಲ್ ಇದ್ದಿದ್ದಕ್ಕೆ 2023ರ ಅಕ್ಟೋಬರ್ ಮುಗಿಯೋ ಹೊತ್ತಿಗೆ ಕಪ್ಪು ಹಳದಿ ಬಣ್ಣದ ಕಾಲಿ ಪೀಲಿ ಪದ್ಮಿನಿ ರಸ್ತೆಯಿಂದ ಹೋಯ್ತು. ಪೇಪರಲ್ಲಿ ಎಲ್ಲರೂ ಕಣ್ಣೀರು ಹಾಕಿದ್ರು, ಅದರಲ್ಲಿ ಅರ್ಧ ಜನ ಅದರ ಹಿಂದಿನ ಸೀಟಲ್ಲಿ ಮೇ ತಿಂಗಳ ಮಧ್ಯಾಹ್ನ ಕೂತೋರಲ್ಲ ಅಂತ ನನ್ನ ಅಂದಾಜು.

ಪದ್ಮಿನಿದು ಗೇರು ಸ್ಟೇರಿಂಗ್ ಪಕ್ಕದಲ್ಲಿ. ಆ ಗೇರಿನ ರಾಡ್‌ಗಳ ಕೀಲಲ್ಲಿ ಬಳೆ ಥರದ ಚಿಕ್ಕ ಚಿಕ್ಕ ಬುಷ್ ಇರ್ತಿತ್ತು, ಅದು ಸವೆದ್ರೆ ಗೇರು ಸಿಕ್ಕಾಕ್ಕೊಳ್ತಿತ್ತು, ಅದೂ ಎಲ್ಲಿ ಅಂದ್ರೆ ಸಾಯನ್ ಸಿಗ್ನಲ್ಲಲ್ಲಿ. ಡ್ರೈವರ್ ಇಳಿದು, ಬಾನೆಟ್ ಎತ್ತಿ, ಕೈ ಹಾಕಿ ರಾಡ್ ಎಳೆದು ನ್ಯೂಟ್ರಲ್‌ಗೆ ತಂದು, ಹಿಂದಿನವನ ಬೈಗುಳ ಕೇಳ್ಕೊಂಡು, ಮತ್ತೆ ಕೂತು ಹೊರಡೋದು. ಪ್ಯಾಸೆಂಜರಿಗೂ ಅಭ್ಯಾಸ ಆಗಿತ್ತು, ಕಿಟಕಿಯಿಂದ ತಲೆ ಕೂಡ ಹೊರಗೆ ಹಾಕ್ತಿರಲಿಲ್ಲ. ಸಂಜೆ ನಮ್ಮ ಹತ್ರ ಬಂದ್ರೆ ಪಕ್ಕದ ಲೇಥಿನ ಚಾಚಾ ನೈಲಾನ್ ಕಡ್ಡಿಯಿಂದ ಹೊಸ ಬುಷ್ ಕಡೆದು ಕೊಡೋರು, ಚಹಾ ಕುಡಿಯೋ ಹೊತ್ತಲ್ಲಿ ಕೆಲಸ ಮುಗಿಯೋದು. ಕಾರ್ಬೊರೇಟರ್ ಜೆಟ್ಟಲ್ಲಿ ಕಸ ಸಿಕ್ಕಿದ್ರೆ ಬಿಚ್ಚಿ ಬಾಯಲ್ಲಿ ಊದಿದ್ರೆ ಆಯ್ತು, ಊಟದವರೆಗೆ ನಾಲಿಗೆಗೆ ಪೆಟ್ರೋಲ್ ರುಚಿ. ಒಂದೇ ಮಾಡೆಲು ಮೂವತ್ತು ವರ್ಷ ಓಡಿದ್ರಿಂದ ಸ್ಪೇರ್ ಪಾರ್ಟ್ಸ್ ಅನ್ನೋದು ಇಡೀ ಬೀದಿಗೆ ಗೊತ್ತಿದ್ದ ವಿದ್ಯೆ, ಲೇಥಿನೋನಿಗೆ ಅಳತೆ ಬಾಯಿಪಾಠ, ವೈರಿಂಗಿನೋನಿಗೆ ಕಣ್ಣು ಮುಚ್ಚಿದ್ರೂ ದಾರಿ ಗೊತ್ತು, ಎಂಟನೇ ಕ್ಲಾಸ್ ಫೇಲಾದ ಹುಡುಗನೂ ಎರಡು ವರ್ಷ ಕಲಿತ್ರೆ ಮುಂದಿನ ಮೂವತ್ತು ವರ್ಷ ಅದೇ ವಿದ್ಯೆಯಲ್ಲಿ ಮನೆ ನಡೆಸಬಹುದಿತ್ತು. ನಾನೂ ಹಾಗೇ ನಡೆಸಿದೋನು.

ಇಷ್ಟು ಹೊಗಳಿದ್ದಕ್ಕೆ ಸುಳ್ಳು ಹೇಳ್ತಿದ್ದೀನಿ ಅನ್ಕೋಬೇಡಿ, ಆ ಗಾಡಿಯ ಹಣೆಬರಹವೂ ನನಗೇ ಗೊತ್ತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಮಳೆಯಲ್ಲಿ ಒತ್ತಿದ್ರೆ ಗಾಡಿ ಒಂದು ಕಡೆ ಎಳೆಯೋದು. ನಾಲ್ಕು ಮಳೆಗಾಲ ಕಂಡ ಗಾಡಿಯ ಫ್ಲೋರ್ ಮ್ಯಾಟ್ ಎತ್ತಿದ್ರೆ ರಸ್ತೆ ಕಾಣೋದು. ಆಕ್ಸಿಡೆಂಟ್ ಆಗಿ ಬಂದ ಗಾಡಿಗಳಲ್ಲಿ ಸ್ಟೇರಿಂಗ್ ರಾಡು ಎಲ್ಲಿಗೆ ಬಂದು ನಿಂತಿತ್ತು ಅನ್ನೋದನ್ನ ಇಲ್ಲಿ ಬರೆಯಲ್ಲ, ಓದೋರಲ್ಲಿ ಹೆಂಗಸರು ಮಕ್ಕಳು ಇರ್ತಾರೆ. ಅಜ್ಜ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೊಳ್ಳೋಕೆ ಆಗತ್ತಾ? ಹಾಗಾಗಿ ಪದ್ಮಿನಿ ವಾಪಸ್ ತನ್ನಿ ಅಂತ ಈ ಪತ್ರ ಅಲ್ಲ. ಅಂಬಾಸಿಡರ್ ಬೇಕು ಅಂತಲೂ ಅಲ್ಲ, 1956ರ ಮಾರಿಸ್ ಆಕ್ಸ್‌ಫರ್ಡನ್ನ 2014ರವರೆಗೆ ಎಳೆದಿದ್ದು ಸಾಕು.

ಆದ್ರೆ ದುನಿಯಾದಲ್ಲಿ ಏನು ನಡೀತಿದೆ ಅಂತ ಸ್ವಲ್ಪ ನೋಡಿ. ಇಲ್ಲಿಂದ ಸಮುದ್ರದ ದಾರಿಯಲ್ಲಿ ಕರಾಚಿ ಎಷ್ಟು ದೂರ? ನಾವು ಮಾರುತಿ 800 ಅಂತಿದ್ವಲ್ಲ, 1986ರಲ್ಲಿ ಬಂದ ಆ ಎರಡನೇ ಮಾಡೆಲ್ಲು, ಅದೇ ಕಾರು ಕರಾಚಿಯಲ್ಲಿ ಸುಜುಕಿ ಮೆಹ್ರಾನ್ ಅನ್ನೋ ಹೆಸರಲ್ಲಿ 1989ರಿಂದ 2019ರವರೆಗೆ ತಯಾರಾಯ್ತು. ನಮ್ಮಲ್ಲಿ 2014ರ ಜನವರಿಗೆ ನಿಂತು ಹೋಗಿತ್ತು. ಇನ್ನೊಂದು ತಮಾಷೆ ಗೊತ್ತಾ, ಮುಂಬೈಯಲ್ಲಿ 2010ರ ಏಪ್ರಿಲ್‌ನಿಂದಲೇ 800 ಹೊಸದು ಸಿಗ್ತಿರಲಿಲ್ಲ, ಹೊಗೆಗೆ ಮಿತಿ ಹಾಕೋ ಬಿಎಸ್ 4 ರೂಲ್ ಬಂದ ಹದಿಮೂರು ಸಿಟಿಗಳಲ್ಲಿ ಮಾರೋದು ನಿಲ್ಲಿಸಿದ್ರು, ಉಳಿದ ಊರುಗಳಲ್ಲಿ ಸಿಗ್ತಿತ್ತು. ಅಂದ್ರೆ ಒಂದೇ ಕಾರು ಒಂದೇ ದಿನ ಮುಂಬೈಯಲ್ಲಿ ಹಳೇದು, ಕಾರ್ಕಳದಲ್ಲಿ ಹೊಸದು. ಹಳೇ ಮಾಡೆಲ್ ಅನ್ನೋ ಮಾತಿಗೆ ಅರ್ಥ ಗಾಡಿಯಲ್ಲಿ ಇಲ್ಲ, ಮಾರೋ ಜಾಗದಲ್ಲಿ ಉಂಟು ಅಂತ ನನಗೆ ಅವತ್ತೇ ಅನ್ನಿಸಿತ್ತು.

ಜರ್ಮನಿಯಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ 1978ಕ್ಕೆ ನಿಂತಿತು, ಮೆಕ್ಸಿಕೋದ ಪ್ಯುಬ್ಲಾದಲ್ಲಿ 2003ರ ಜುಲೈ 30ರವರೆಗೆ ಬಂತು, ಅಲ್ಲಿ ಅದು ಟ್ಯಾಕ್ಸಿ, ನಮ್ಮ ಪದ್ಮಿನಿ ಇದ್ದ ಹಾಗೆ. ಅವರದೇ ಕೊಂಬಿ ವ್ಯಾನು ಬ್ರೆಜಿಲಲ್ಲಿ 1957ರಿಂದ 2013ರವರೆಗೆ. ದಕ್ಷಿಣ ಆಫ್ರಿಕಾದಲ್ಲಿ 1974ರ ಮೊದಲ ಗಾಲ್ಫನ್ನ ಸಿಟಿ ಗಾಲ್ಫ್ ಅಂತ 2009ರವರೆಗೆ ಮಾರಿದ್ರು. ಇರಾನಲ್ಲಿ ಇಂಗ್ಲೆಂಡಿನ ಹಿಲ್‌ಮನ್ ಹಂಟರ್ ಪೈಕಾನ್ ಆಗಿ 2005ರವರೆಗೆ ಬಂತು. ರಷ್ಯಾದ ತೊಲ್ಯಾತ್ತಿಯಲ್ಲಿ 1977ರ ಲಾಡಾ ನಿವಾ ಇವತ್ತಿಗೂ ಬರ್ತಾ ಇದೆ. ನಿಮಗೆ ಡೇವೂ ಸಿಯೆಲೋ ನೆನಪಿದೆಯಾ, 1995ರಲ್ಲಿ ಇಲ್ಲಿ ಬಂದು ಎಲ್ಲರ ಕಣ್ಣು ಕುಕ್ಕಿ, ಆಮೇಲೆ ಕಂಪನಿಯೇ ಮುಳುಗಿ ಪಾರ್ಟ್ಸಿಗೆ ನಾವೆಲ್ಲ ಕಣ್ಣೀರಿಟ್ವಲ್ಲ, ಅದರ ತಮ್ಮ ಉಜ್ಬೇಕಿಸ್ತಾನದಲ್ಲಿ ನೆಕ್ಸಿಯಾ ಅಂತ 2016ರವರೆಗೆ ಫ್ಯಾಕ್ಟರಿಯಿಂದ ಬರ್ತಾನೇ ಇತ್ತು. ನಾವಿಲ್ಲಿ ಒಂದು ಸಿಯೆಲೋ ಡೋರ್ ಹ್ಯಾಂಡಲ್ಲಿಗೆ ಚೋರ್ ಬಜಾರಿನ ಗಲ್ಲಿ ಗಲ್ಲಿ ಹುಡುಕ್ತಿದ್ದಾಗ ಅಲ್ಲಿ ಹೊಸ ಗಾಡಿಗೇ ಅದನ್ನ ಹಾಕ್ತಾ ಕೂತಿದ್ರು ನೋಡಿ.

ಪ್ರೀಮಿಯರ್‌ನೋರೇ 1985ರಲ್ಲಿ 118 ಎನ್‌ಇ ಅಂತ ತಂದ್ರಲ್ಲ, ಅದು ಫಿಯೆಟ್ 124. ಇಟಲಿ ಮುಗಿಸಿ, ಸ್ಪೇನಿನ ಸಿಯಾಟ್ ಕಂಪನಿ ಮುಗಿಸಿ, ಅವರ ಡೈಗಳು, ಅಂದ್ರೆ ತಗಡು ಒತ್ತೋ ಅಚ್ಚುಗಳು, ಇಲ್ಲಿಗೆ ಬಂದು, ಅದಕ್ಕೆ ನಿಸಾನ್ ಎಂಜಿನ್ ಕೂರಿಸಿ ಹೊಸ ಕಾರು ಅಂತ ಕೊಟ್ರು. ಅದೇ 124ನ್ನ ತಗೊಂಡು ರಷ್ಯಾದೋರು 1970ರಲ್ಲಿ ಲಾಡಾ ಮಾಡಿ, ಬದಲಾಯಿಸ್ತಾ ಬದಲಾಯಿಸ್ತಾ 2012ರವರೆಗೆ ತಂದ್ರು. ಒಂದೇ ತಾಯಿಯ ಮಕ್ಕಳು, ಒಬ್ಬ ಬಾಂಬೆಗೆ ಬಂದ, ಒಬ್ಬ ರಷ್ಯಾಕ್ಕೆ ಹೋದ. ನಮ್ಮ ಕರಾವಳಿ ಮನೆಗಳ ಕಥೆಯೇ ಆಯ್ತು.

ಯಾಕೆ ಹೀಗೆ ಅಂತ ನಿಮಗೆ ನಾನು ಹೇಳಿಕೊಡೋದು ಬೇಡ, ಆದ್ರೂ ಓದೋ ಜನಕ್ಕೆ ಹೇಳ್ತೀನಿ. ಕಾರಲ್ಲಿ ಎಲ್ಲಕ್ಕಿಂತ ಖರ್ಚು ಅಂದ್ರೆ ತಗಡು ಒತ್ತೋ ಡೈಗಳು ಮತ್ತೆ ಎಂಜಿನ್ ಮಾಡೋ ಮಷೀನುಗಳು. ಒಂದು ಸಲ ಅದರ ದುಡ್ಡು ವಾಪಸ್ ಬಂದ ಮೇಲೆ ಒತ್ತಿದ ಪ್ರತಿ ಬಾಗಿಲೂ ಲಾಭ. ಅದಕ್ಕೇ ಶ್ರೀಮಂತ ದೇಶದೋರು ಬೇಜಾರಾದ ಮಾಡೆಲಿನ ಡೈಗಳನ್ನ ಹಡಗಿಗೆ ಹಾಕಿ ಕಳಿಸಿಬಿಡೋರು. ತಗೊಂಡ ದೇಶದಲ್ಲಿ ಹೊರಗಿನ ಕಾರಿಗೆ ಟ್ಯಾಕ್ಸ್ ಜಾಸ್ತಿ ಇರ್ತಿತ್ತು, ಪಾರ್ಟ್ಸ್ ಊರಲ್ಲೇ ಆಗಬೇಕು ಅನ್ನೋ ರೂಲ್ ಇರ್ತಿತ್ತು, ಇರಾನಿನ ಥರ ಕೆಲವು ಕಡೆ ಅಮೆರಿಕಾ ನಿರ್ಬಂಧ ಹಾಕಿ ಹೊಸದು ಬರೋ ದಾರಿಯೇ ಮುಚ್ಚಿತ್ತು. ಇದರ ಜೊತೆಗೆ ರಸ್ತೆ ಕೆಟ್ಟದು, ಮೆಕ್ಯಾನಿಕ್ಕಿನ ಹತ್ರ ಕಂಪ್ಯೂಟರ್ ಇಲ್ಲ. ಹಾಗಾಗಿ ಕಂಪನಿಗೂ ಅನುಕೂಲ, ಜನಕ್ಕೂ ಒಂದು ಮಟ್ಟಿಗೆ ಅನುಕೂಲ.

ಒಂದು ಮಟ್ಟಿಗೆ ಅಂದೆ. ಮೆಕ್ಸಿಕೋದ ನಿಸಾನ್ ತ್ಸುರು ನೋಡಿ. 1992ರಲ್ಲಿ ಅಲ್ಲಿ ಶುರುವಾದ ಸೆಂಟ್ರಾ, ಟ್ಯಾಕ್ಸಿಯೋರ ಪ್ರಾಣ, ಕಮ್ಮಿ ರೇಟು, ಪಾರ್ಟ್ಸ್ ಪುಟ್ಪಾತಲ್ಲಿ ಸಿಗೋದು. 2013ರಲ್ಲಿ, ಕಾರು ಗುದ್ದಿಸಿ ಸೇಫ್ಟಿಗೆ ಐದರವರೆಗೆ ಸ್ಟಾರ್ ಕೊಡೋ ಲ್ಯಾಟಿನ್ ಎನ್‌ಕ್ಯಾಪಿನೋರು ಗುದ್ದಿಸಿ ನೋಡಿದ್ರು, ಸೊನ್ನೆ ಸ್ಟಾರ್. 2016ರಲ್ಲಿ ಅಮೆರಿಕಾದಲ್ಲಿ ಅದೇ ಕಂಪನಿಯ ಎರಡು ಕಾರು ಎದುರುಬದುರು ಗುದ್ದಿಸಿದ್ರು, ಮೆಕ್ಸಿಕೋದಲ್ಲಿ ಮಾರೋ ತ್ಸುರು ಒಂದು ಕಡೆ, ಅಮೆರಿಕಾದಲ್ಲಿ ಮಾರೋ ವರ್ಸಾ ಇನ್ನೊಂದು ಕಡೆ. ಆ ವಿಡಿಯೋ ನಾನು ಮೂರು ಸಲ ನೋಡಿದ್ದೀನಿ. ತ್ಸುರುವಿನ ಡ್ರೈವರ್ ಕೂರೋ ಜಾಗವೇ ಇಲ್ಲ, ಕಾಗದ ಮುದುರಿದ ಹಾಗೆ ಮುದುರಿತ್ತು. 2017ರ ಮೇ ತಿಂಗಳಿಗೆ ಅದನ್ನ ನಿಲ್ಲಿಸಿದ್ರು, ನಿಲ್ಲಿಸಿದ್ದು ಒಳ್ಳೇದೇ. ಬ್ರೆಜಿಲಿನ ಕೊಂಬಿಯೂ ಅಷ್ಟೇ, 2014ರಿಂದ ಏರ್‌ಬ್ಯಾಗು ಮತ್ತೆ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದ ಹಾಗೆ ತಡೆಯೋ ಎಬಿಎಸ್ ಕಡ್ಡಾಯ ಆಯ್ತು, ಅದಕ್ಕೆ ಕೂರಿಸೋಕೆ ಆಗಲ್ಲ ಅಂತ ಮುಗಿಸಿದ್ರು. ರಷ್ಯಾದಲ್ಲಿ ಉಲ್ಟಾ, 2022ರಲ್ಲಿ ಯುದ್ಧ ಶುರುವಾಗಿ ಪಾರ್ಟ್ಸ್ ಬರೋದು ನಿಂತಾಗ ಏರ್‌ಬ್ಯಾಗೂ ಇಲ್ಲದ, ಎಬಿಎಸ್ಸೂ ಇಲ್ಲದ ಲಾಡಾ ಗ್ರಾಂಟಾ ಮಾರಿದ್ರು. ಬಡವನ ಜೀವ ಅಗ್ಗ ಅನ್ನೋ ಲೆಕ್ಕಾಚಾರಕ್ಕೆ ಹಳೇ ಮಾಡೆಲ್ ಅನ್ನೋ ಹೆಸರು ಇಡೋದಾದ್ರೆ ನನಗೂ ಬೇಡ.

ಆದ್ರೆ ನೀವು ಮಾಡ್ತಿರೋದು ಏನು ಅಂದ್ರೆ ಆ ತ್ಸುರು ಫೋಟೋ ತೋರಿಸಿ, ನೋಡಿ ಹಳೇದು ಅಂದ್ರೆ ಸಾವು, ಹಾಗಾಗಿ ಆರು ವರ್ಷಕ್ಕೊಂದು ಸಲ ಎಲ್ಲಾ ಬದಲಾಯಿಸ್ತೀವಿ, ಬಲ್ಬಿನಿಂದ ಬಂಪರಿನವರೆಗೆ, ನೀವು ಸುಮ್ಮನೆ ತಗೊಳ್ಳಿ ಅನ್ನೋದು. ಇದನ್ನ ನಾನು ಒಪ್ಪಲ್ಲ. ಲ್ಯಾಂಡ್ ಕ್ರೂಸರ್ 79ನೇ ನೋಡಿ, ಆಸ್ಟ್ರೇಲಿಯಾದೋರು ಕೇಳಿದ್ರು ಅಂತ ಚಾಸಿ ಗಟ್ಟಿ ಮಾಡಿ, ಏರ್‌ಬ್ಯಾಗು ಹಾಕಿ, 2016ರಲ್ಲಿ ಸಿಂಗಲ್ ಕ್ಯಾಬ್ ಪಿಕಪ್ಪಿಗೆ ಅಲ್ಲಿನ ಟೆಸ್ಟಲ್ಲಿ ಐದು ಸ್ಟಾರ್ ತಗೊಂಡ್ರು. ಹೊರಗಿಂದ ನೋಡಿದ್ರೆ ಅದೇ ಬೀರು! ಅಷ್ಟು ದೂರ ಯಾಕೆ, ನಮ್ಮ ಪುಣೆ ಪಕ್ಕದ ಚಾಕಣ್‌ನಲ್ಲಿ ಆಗ್ತಿದ್ದ ಪೋಲೋ, 2014ರ ಜನವರಿಯಲ್ಲಿ ಏರ್‌ಬ್ಯಾಗ್ ಇಲ್ಲದ್ದನ್ನ ಗುದ್ದಿಸಿದಾಗ ಸೊನ್ನೆ ಸ್ಟಾರ್ ಬಂತು, ಎರಡು ಏರ್‌ಬ್ಯಾಗ್ ಹಾಕಿದ ಅದೇ ಪೋಲೋಗೆ ನಾಲ್ಕು ಬಂತು. ಕಂಪನಿ ಆಮೇಲೆ ಎಲ್ಲದಕ್ಕೂ ಏರ್‌ಬ್ಯಾಗ್ ಹಾಕಿಯೇ ಮಾರಿತು. ಬಾಡಿ ಗಟ್ಟಿ ಇದ್ರೆ ಹಳೇ ಮಾಡೆಲ್ಲಿಗೆ ಹೊಸ ಸೇಫ್ಟಿ ಕೂರತ್ತೆ, ಕೂರಿಸೋ ಮನಸ್ಸು ಇರಬೇಕು ಅಷ್ಟೇ.

ಆ ಪೋಲೋ ಕಥೆ ಅಲ್ಲಿಗೇ ಮುಗೀಲಿಲ್ಲ. ಇಲ್ಲಿ 2022ರಲ್ಲಿ ನಿಲ್ಲಿಸಿದ್ರು. ದಕ್ಷಿಣ ಆಫ್ರಿಕಾದಲ್ಲಿ ಅದೇ ಬಾಡಿ 2018ರಿಂದ ಪೋಲೋ ವಿವೋ ಅನ್ನೋ ಹೆಸರಲ್ಲಿ, ಹೊಸ ಪೋಲೋ ಪಕ್ಕದಲ್ಲೇ ಕಮ್ಮಿ ರೇಟಿಗೆ ಮಾರ್ತಿದ್ದಾರೆ, ಜನ ಮುಗಿಬಿದ್ದು ತಗೋತಾರೆ. ಹೊಸದು ಬೇಕಾದವ್ರಿಗೆ ಹೊಸದು, ಸಾಕು ಅನ್ನೋರಿಗೆ ಹಳೇದು. ಇಂಡೋನೇಷ್ಯಾದಲ್ಲೂ ಇನ್ನೋವಾ ಹೊಸದು ಬಂದ್ರೂ ಹಳೇ ಡೀಸೆಲ್ ಇನ್ನೋವಾ ಜೊತೆಗೇ ಇಟ್ಟಿದ್ದಾರೆ, ಇಲ್ಲೂ ಕ್ರಿಸ್ಟಾ ಅಂತ ಹಾಗೇ ಇಟ್ರು, ಟ್ರಾವೆಲ್ಸಿನೋರು ಅದನ್ನ ಬಿಡಲ್ಲ ಅಂತ. ಅಂದ್ರೆ ಆಗತ್ತೆ! ಟ್ರಾವೆಲ್ಸಿನೋರ ಮಾತು ಕೇಳಿಸತ್ತೆ, ಸಣ್ಣ ಕಾರು ತಗೊಳ್ಳೋ ಗುಮಾಸ್ತನ ಮಾತು ಕೇಳಿಸಲ್ಲ, ಅಷ್ಟೇ ವ್ಯತ್ಯಾಸ. ಜಪಾನಲ್ಲಿ ಟೊಯೋಟಾದೋರು ಟ್ಯಾಕ್ಸಿಗೆ ಅಂತಲೇ ಕ್ರೌನ್ ಕಂಫರ್ಟ್ ಅನ್ನೋ ಸಾದಾ ಗಾಡಿ 1995ರಲ್ಲಿ ತಂದು ಇಪ್ಪತ್ತೆರಡು ವರ್ಷ ಹೆಚ್ಚೂಕಮ್ಮಿ ಅದೇ ರೂಪದಲ್ಲಿ ಕೊಟ್ರು, ಹಾಂಗ್‌ಕಾಂಗಿನ ಕೆಂಪು ಟ್ಯಾಕ್ಸಿ ನೋಡಿದೋರಿಗೆ ಗೊತ್ತಿರತ್ತೆ. ಮುಂಬೈ ಟ್ಯಾಕ್ಸಿಯೋನಿಗೆ ಪದ್ಮಿನಿ ಆದ್ಮೇಲೆ ಅವನಿಗೋಸ್ಕರ ಅಂತ ಯಾರು ಏನು ಮಾಡಿದ್ರು? ಮನೆಮಂದಿ ಓಡಾಡೋಕೆ ಮಾಡಿದ ಸ್ಯಾಂಟ್ರೋ, ವ್ಯಾಗನ್ ಆರ್ ಇವನ್ನೇ ತಗೊಂಡು ಹಿಂದೆ ಸಿಎನ್‌ಜಿ ಟ್ಯಾಂಕ್ ತುರುಕಿ, ಪ್ಯಾಸೆಂಜರ್ ಬ್ಯಾಗು ಮೇಲೆ ಕ್ಯಾರಿಯರಿಗೆ ಕಟ್ಟಿ ಓಡಿಸ್ತಿದ್ದಾನೆ.

ಪುಣೆ ಅಂದ ಕೂಡ್ಲೆ ತಳೇಗಾಂವ್ ನೆನಪಾಗತ್ತೆ. ಅಲ್ಲಿ ಜನರಲ್ ಮೋಟಾರ್ಸಿನೋರು 2017ಕ್ಕೆ ಭಾರತದಲ್ಲಿ ಶೆವರ್ಲೆ ಮಾರೋದು ನಿಲ್ಲಿಸಿದ್ರು. ಫ್ಯಾಕ್ಟರಿ ಮಾತ್ರ ನಿಲ್ಲಲಿಲ್ಲ, ಬೀಟ್ ಕಾರು ಮಾಡಿ ಮೆಕ್ಸಿಕೋಗೆ, ಆ ಕಡೆ ದೇಶಗಳಿಗೆ 2020ರ ಡಿಸೆಂಬರ್‌ವರೆಗೆ ಹಡಗು ತುಂಬಿಸ್ತಾನೇ ಇದ್ರು. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳನ್ನ ಹೊತ್ತ ಟ್ರೇಲರ್ ಬಂದರಿನ ಕಡೆ ಹೋಗ್ತಿದ್ದಾಗೆಲ್ಲ ನಮ್ಮ ಹೆಲ್ಪರ್ ಹುಡುಗ, ಸೇಠ್, ಇದು ಎಲ್ಲಿಗೆ ಅಂತ ಕೇಳೋನು. ನಮ್ಮ ಬೀದಿಯ ಬೀಟ್ ಮಾಲೀಕರು ಸೆಕೆಂಡ್‌ಹ್ಯಾಂಡ್ ರೇಟು ಬಿದ್ದು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಐವತ್ತರವತ್ತು ಮೈಲಿ ಆಚೆ ಹೊಸ ಬೀಟ್ ತಯಾರಾಗ್ತಿತ್ತು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ನಮ್ಮ ಅಜ್ಜಿ ಹೇಳ್ತಿದ್ದಿದ್ದು ಇದಕ್ಕೇ ಇರಬೇಕು.

ಈಗ ನನ್ನ ಗ್ಯಾರೇಜ್ ಎದುರು ನಿಂತಿರೋ ಗಾಡಿಗೆ ಬರ್ತೀನಿ. ಕಂಪನಿ ಹೆಸರು ಬೇಡ, ಯಾರೋ ಒಬ್ರ ಮೇಲೆ ಹಗೆ ಸಾಧಿಸೋಕೆ ಬರೀತಿಲ್ಲ, ಇವ್ರಲ್ಲದಿದ್ರೆ ಇನ್ನೊಬ್ರು. ಡೊಂಬಿವ್ಲಿ ಕಡೆಯ ಒಬ್ರು ಟೀಚರ್, ನಮ್ಮವ್ರೇ, ಅವರ ಸಣ್ಣ ಕಾರು. ಹತ್ತು ವರ್ಷ ಆಗಿದೆ, ಓಡಿರೋದು ಅರವತ್ತು ಸಾವಿರ ಕಿಲೋಮೀಟರು, ಎಂಜಿನ್ ರೇಷ್ಮೆ ಥರ ಇದೆ. ಜುಲೈ ಮಳೆಯಲ್ಲಿ ರಸ್ತೆ ನೀರು ಒಳಗೆ ಬಂದು ಡ್ಯಾಶ್‌ಬೋರ್ಡ್ ಕೆಳಗಿರೋ ಒಂದು ಕಪ್ಪು ಡಬ್ಬಿ, ಬಾಡಿ ಕಂಟ್ರೋಲ್ ಮಾಡ್ಯೂಲ್ ಅಂತಾರೆ, ಅದು ಸತ್ತುಹೋಯ್ತು. ಸೋಪು ಪೆಟ್ಟಿಗೆಯಷ್ಟು ದೊಡ್ಡದು ಅಷ್ಟೇ. ಅದು ಸತ್ರೆ ವೈಪರ್ ಇಲ್ಲ, ಹೆಡ್‌ಲೈಟ್ ಇಲ್ಲ, ಬಾಗಿಲು ಲಾಕ್ ಆಗಲ್ಲ, ಒಂದೊಂದ್ಸಲ ಸ್ಟಾರ್ಟೂ ಆಗಲ್ಲ. ಡೀಲರ್ ಹತ್ರ ಕೇಳಿದೆ, ಈ ಮಾಡೆಲ್ ಬಂದ್ ಆಗಿದೆ, ಪಾರ್ಟ್ ಆರ್ಡರ್ ಹಾಕ್ಬೇಕು, ಯಾವಾಗ ಬರತ್ತೆ ಹೇಳಕ್ಕಾಗಲ್ಲ ಅಂದ್ರು. ಕುರ್ಲಾದ ಕಬಾಡಿಯಲ್ಲಿ, ಅಂದ್ರೆ ಗುಜರಿಯಲ್ಲಿ, ಆಕ್ಸಿಡೆಂಟ್ ಗಾಡಿಯಿಂದ ಬಿಚ್ಚಿದ ಅದೇ ನಂಬರಿನ ಡಬ್ಬಿ ಸಿಕ್ತು, ತಂದು ಕೂರಿಸಿದೆ, ಗಾಡಿ ಅದನ್ನ ಒಪ್ಪಲ್ಲ. ಯಾಕಂದ್ರೆ ಡಬ್ಬಿಗೂ ಗಾಡಿಗೂ ನಂಬರ್ ಮ್ಯಾಚ್ ಆಗಬೇಕಂತೆ, ಮಾಡೋ ಸಾಫ್ಟ್‌ವೇರ್ ಕಂಪನಿಯೋರ ಹತ್ರ ಮಾತ್ರ, ಹೊರಗಿನ ಪಾರ್ಟ್ ಹಾಕಿದ ಗಾಡಿಗೆ ಅವ್ರು ಮಾಡಿಕೊಡಲ್ಲ. ಕೀಲಿ ಮಾಡೋನು ನಿಮ್ಮ ಮನೆ ಬಾಗಿಲಿಗೆ ನಿಮ್ಮನ್ನೇ ಬಿಡಲ್ಲ ಅಂದ ಹಾಗೆ. ಹನ್ನೊಂದು ವಾರ ಆಯ್ತು ಸಾಹೇಬ್ರೇ. ಟೀಚರ್ ದಿನಾ ಲೋಕಲ್ ಹತ್ತಿ ನೇತಾಡ್ಕೊಂಡು ಹೋಗ್ತಿದ್ದಾರೆ, ಫೋನ್ ಮಾಡಿದಾಗೆಲ್ಲ ನನಗೇ ನಾಚಿಕೆ. ಅವ್ರು ತೀರಾ ಮರ್ಯಾದಸ್ಥರು, ಬೈಯೋದೂ ಇಲ್ಲ, ಅದು ಇನ್ನೂ ಕಷ್ಟ.

ಲೇಥಿನ ಚಾಚಾನ ಮಗ ಬಂದು ಆ ಡಬ್ಬಿ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಇದನ್ನ ಕಡೆಯೋಕೆ ಆಗಲ್ವಲ್ಲ ಅಂದ. ಅಷ್ಟೇ ಅಂದು ಕೆಳಗಿಟ್ಟು ಹೋದ.

ಹಾಗಾಗಿ ನನ್ನ ಕೋರಿಕೆ ಏನು ಅಂದ್ರೆ, ಕಂಪನಿಯೋರೇ, ನಿಮ್ಮ ಹತ್ತು ಹನ್ನೆರಡು ಮಾಡೆಲ್ಲಲ್ಲಿ ಯಾವುದಾದ್ರೂ ಒಂದನ್ನ, ಒಂದೇ ಒಂದನ್ನ, ಇಪ್ಪತ್ತು ವರ್ಷ ಬದಲಾಯಿಸಲ್ಲ ಅಂತ ಮಾತು ಕೊಟ್ಟು ಮಾರಿ. ಏರ್‌ಬ್ಯಾಗ್ ಹಾಕಿ, ಎಬಿಎಸ್ ಹಾಕಿ, ಹೊಗೆಯ ರೂಲ್ ಬಂದಾಗ ಎಂಜಿನ್ ಸರಿ ಮಾಡಿ, ಬಾಡಿ ಒಳಗೆ ಎಷ್ಟು ಬೇಕಾದ್ರೂ ಗಟ್ಟಿ ಮಾಡಿ, ಟೆಸ್ಟಲ್ಲಿ ಸ್ಟಾರ್ ಬರಲಿಲ್ಲ ಅಂದ್ರೆ ಮಾರಲೇ ಬೇಡಿ. ಆದ್ರೆ ಡೋರು, ಗಾಜು, ಲೈಟು, ಕ್ಲಚ್ಚು, ಸಸ್ಪೆನ್ಶನ್ನು, ಆ ಕಪ್ಪು ಡಬ್ಬಿ, ಇವು ಮೊದಲ ವರ್ಷದ ಗಾಡಿದು ಹದಿನೆಂಟನೇ ವರ್ಷದ ಗಾಡಿಗೆ ಕೂರೋ ಹಾಗೆ ಇರ್ಲಿ. ಬೋರಿಂಗ್ ಕಾರ್ ಅಂತ ಯೂಟ್ಯೂಬ್ ಹುಡುಗರು ಬೈತಾರೆ, ಬೈಯಲಿ. ಬೊಲೆರೋ 2000ದಲ್ಲಿ ಬಂದಿದ್ದು, ಹಳ್ಳಿ ಕಡೆ ಇವತ್ತಿಗೂ ಅದೇ ಚೌಕ ಮೂತಿಗೆ ಗಿರಾಕಿ ಇದ್ದಾರಲ್ಲ, ಅವ್ರು ಯಾರೂ ಬೋರಿಂಗ್ ಅಂತ ವಾಪಸ್ ಕೊಟ್ಟಿದ್ದು ನಾನು ನೋಡಿಲ್ಲ.

ಇಲಾಖೆಯ ಸಾಹೇಬ್ರೇ, ನಿಮ್ಮ ಹತ್ರ ಕೇಳೋದು ಬೇರೆ. ಹದಿನೈದು ವರ್ಷ ಆದ ಕಾರಿನ ರಿಜಿಸ್ಟ್ರೇಶನ್ ರಿನ್ಯೂ ಮಾಡೋಕೆ 600 ರೂಪಾಯಿ ಇದ್ದಿದ್ದನ್ನ 2022ರ ಏಪ್ರಿಲ್‌ನಿಂದ 5000 ಮಾಡಿದ್ರಿ. ಹಳೇ ಗಾಡಿ ಇಟ್ಕೊಂಡ ತಪ್ಪಿಗೆ ಮಾಲೀಕನಿಗೆ ದಂಡ. ಹದಿನೈದು ವರ್ಷ ಪಾರ್ಟ್ ಕೊಡದ ಕಂಪನಿಗೆ ಯಾವ ದಂಡ? 2022ರ ಡಿಸೆಂಬರಲ್ಲಿ ಗ್ರಾಹಕರ ಇಲಾಖೆಯೋರು ರೈಟ್ ಟು ರಿಪೇರ್ ಅಂತ ಪೋರ್ಟಲ್ ತೆಗೆದ್ರು, ಅದರಲ್ಲಿ ವಾಹನಗಳೂ ಸೇರಿವೆ, ಸಂತೋಷ. ಆದ್ರೆ ಪೋರ್ಟಲ್ ಅಂದ್ರೆ ಬೋರ್ಡ್ ಹಾಕಿದ ಹಾಗೆ, ಒಳಗೆ ಅಂಗಡಿ ಬೇಕಲ್ಲ. ಮಾಡೆಲ್ ನಿಲ್ಲಿಸಿದ ದಿನದಿಂದ ಹದಿನೈದು ವರ್ಷ ಪಾರ್ಟ್ ಸಿಗಲೇಬೇಕು, ನಂಬರ್ ಮ್ಯಾಚ್ ಮಾಡೋ ಸಾಫ್ಟ್‌ವೇರು ಹೊರಗಿನ ಮೆಕ್ಯಾನಿಕ್ಕಿಗೂ ನ್ಯಾಯವಾದ ರೇಟಿಗೆ ಸಿಗಬೇಕು ಅಂತ ಕಾನೂನೇ ಮಾಡಿ. ಕಳ್ಳ ಗಾಡಿಯ ಪಾರ್ಟ್ ಬಂದ್ರೆ ಏನು ಮಾಡೋದು ಅಂತ ಕಂಪನಿಯೋರು ಹೇಳ್ತಾರೆ, ಅದು ನಿಜವಾದ ತೊಂದರೆಯೇ, ಕುರ್ಲಾದಲ್ಲಿ ಕೂತು ನಾನು ಇಲ್ಲ ಅಂತ ಹೇಳಿದ್ರೆ ನೀವು ನಗ್ತೀರಿ. ಅದಕ್ಕೆ ನನ್ನ ಆಧಾರ್ ತಗೊಳ್ಳಿ, ಲೈಸೆನ್ಸ್ ಕೊಡಿ, ಪ್ರತಿ ಡಬ್ಬಿಗೂ ನನ್ನ ಸಹಿ ಹಾಕಿಸ್ಕೊಳ್ಳಿ. ಗಾಡಿ ನೀರಲ್ಲಿ ಮುಳುಗಿದೋನನ್ನ ಕಳ್ಳನ ಲೆಕ್ಕದಲ್ಲಿ ಸೇರಿಸಬೇಡಿ.

ಇನ್ನೊಂದು ಸಣ್ಣ ಮಾತು. ಹೊರದೇಶಕ್ಕೆ ಮಾತ್ರ ಮಾಡ್ತಿರೋ ಮಾಡೆಲ್ ಇದ್ರೆ, ಆ ಫ್ಯಾಕ್ಟರಿಯ ಪಾರ್ಟ್ಸು ಇಲ್ಲಿಯ ಹಳೇ ಗಿರಾಕಿಗೂ ಅದೇ ಗೇಟಿಂದ ಸಿಗೋ ಹಾಗೆ ಮಾಡಿ. ಹಡಗಿಗೆ ಹತ್ತಿಸೋ ಕಂಟೇನರಲ್ಲಿ ನಾಲ್ಕು ಡಬ್ಬಿ ಕೆಳಗಿಳಿಸಿದ್ರೆ ಹಡಗೇನೂ ಮಗುಚಲ್ಲ.

ಇಷ್ಟು ಬರೆಯೋ ಹೊತ್ತಿಗೆ ಅಕ್ಕನ ಮಗ ಮತ್ತೊಂದು ಫೋಟೋ ಕಳಿಸಿದ, ಶಾಸ್‌ಗೆ ಮೊದಲ ಸರ್ವೀಸ್ ಅಂತೆ, ಪಕ್ಕದಲ್ಲಿ ನಿಂತಿರೋದು ಹದಿನೆಂಟು ವರ್ಷ ಹಳೇ ಶಾಸ್, ಕೇರಳದ ಒಬ್ಬ ಮೆಕ್ಯಾನಿಕ್ಕು ಎರಡಕ್ಕೂ ಒಂದೇ ಪಾನಾ ಹಿಡ್ಕೊಂಡು ನಿಂತಿದ್ದಾನೆ. ಜೂಮ್ ಮಾಡಿ ನೋಡಿದೆ, ಹದಿನಾಲ್ಕರ ಪಾನಾ. ನಮ್ಮ ಟೀಚರ್ ಕಾರಿನ ಕೆಳಗೆ ಬೀದಿ ಬೆಕ್ಕು ಮೂರು ಮರಿ ಹಾಕಿದೆ, ಪಾರ್ಟ್ ಬಂದ್ರೂ ಈಗ ಸ್ವಲ್ಪ ದಿನ ಗಾಡಿ ಅಲ್ಲಾಡಿಸೋ ಹಾಗಿಲ್ಲ.

ಇಂತಿ,
ಕುರ್ಲಾದಿಂದ ಒಬ್ಬ ಮೆಕ್ಯಾನಿಕ್ಕು